ಓಪನ್ ಬೀಟಾ ಅಂದರೆ ನಿಜವಾಗಿ ಏನು? ಆನ್‌ಲೈನ್ ಗೇಮ್ ಆಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಗೇಮ್ ಒಂದರ ಓಪನ್ ಬೀಟಾ ಶುರುವಾದಾಗಲೆಲ್ಲ ನನ್ನ ಫೋನಿಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. "ಅಣ್ಣಾ, ಇದು ಫುಲ್ ಗೇಮಾ?" "ಲೆವೆಲ್ ಉಳಿಯುತ್ತಾ?" "ಸ್ಕಿನ್ ತಗೋಬಹುದಾ?" (ಸ್ಕಿನ್ ಅಂದರೆ ಆಟದ ಪಾತ್ರಕ್ಕೋ ಗನ್ನಿಗೋ ಹಾಕುವ ಅಲಂಕಾರ.) ಕೇಳುವವರು ಬಹುತೇಕ ಕಾಲೇಜು ಹುಡುಗರು, ಮನೆಯ ಚಿಕ್ಕವರು, ಆಟದಲ್ಲೇ ಪರಿಚಯವಾದ ಗೆಳೆಯರು. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಬೀಟಾ ಅಂದರೆ ಏನು? ಅದರಲ್ಲಿ ಓಪನ್ ಅಂದರೆ?

ಒಂದು ಗೇಮ್ ಅರ್ಧಂಬರ್ಧ ತಯಾರಾದಾಗ ಅದನ್ನು ಮಾಡುವವರೇ ಆಡಿ ನೋಡುತ್ತಾರೆ. ಅದು ಆಲ್ಫಾ. ಮುಖ್ಯ ಭಾಗಗಳೆಲ್ಲ ಕೂಡಿಕೊಂಡ ಮೇಲೆ ಹೊರಗಿನವರ ಕೈಗೆ ಕೊಡುತ್ತಾರೆ. ಅದು ಬೀಟಾ. ಕರೆದವರಿಗೆ ಮಾತ್ರ ಬಾಗಿಲು ತೆರೆದರೆ ಕ್ಲೋಸ್ಡ್ ಬೀಟಾ. ಯಾರು ಬೇಕಾದರೂ ಬರಬಹುದು ಅಂದರೆ ಓಪನ್ ಬೀಟಾ.

ಮದುವೆ ಮನೆಯನ್ನೇ ನೆನೆಸಿಕೊಳ್ಳಿ. ಹಿಂದಿನ ರಾತ್ರಿ ಅಡುಗೆ ಭಟ್ಟರು ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡುವುದು ಆಲ್ಫಾ. ಮನೆಯ ನಾಲ್ಕು ಜನಕ್ಕೆ ಬಡಿಸಿ ಉಪ್ಪು ಖಾರ ಸರಿ ಇದೆಯಾ ಅಂತ ಕೇಳುವುದು ಕ್ಲೋಸ್ಡ್ ಬೀಟಾ. ಒಂದೇ ಪಂಕ್ತಿಗೆ ಐನೂರು ಎಲೆ ಹಾಕಿ, ಬಡಿಸುವವರ ಕೈ ಸಾಕಾಗುತ್ತಾ, ಅನ್ನ ಸಾಲುತ್ತಾ ಅಂತ ನೋಡುವುದು ಓಪನ್ ಬೀಟಾ. ಆ ಹೊತ್ತಿಗೆ ಸಾರಿನ ರುಚಿ ಬದಲಾಯಿಸಲು ಹೆಚ್ಚು ಕಾಲ ಇರುವುದಿಲ್ಲ. ಈ ಮಾತನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಂಪನಿಗೆ ನಮ್ಮಿಂದ ಏನು ಬೇಕು?

ಮೊದಲು ಬೇಕಾದದ್ದು ನಮ್ಮ ಸಂಖ್ಯೆ. ಐವತ್ತು ಟೆಸ್ಟರ್‌ಗಳು ವರ್ಷಗಟ್ಟಲೆ ಆಡಿದರೂ ಒಂದು ವಿಷಯ ಗೊತ್ತಾಗುವುದಿಲ್ಲ. ಲಕ್ಷಾಂತರ ಜನ ಒಂದೇ ಗಳಿಗೆಯಲ್ಲಿ ಲಾಗಿನ್ ಒತ್ತಿದರೆ ಸರ್ವರ್ ನಿಲ್ಲುತ್ತದೆಯೋ ಬೀಳುತ್ತದೆಯೋ? ಓವರ್‌ವಾಚ್‌ನ ಓಪನ್ ಬೀಟಾ 2016ರ ಮೇ 5ರಂದು ಶುರುವಾಯಿತು. ಕೆಲವೇ ದಿನಗಳಲ್ಲಿ 97 ಲಕ್ಷ ಜನ ಆಡಿದರು. ಅಷ್ಟು ಜನರನ್ನು ಸಂಬಳ ಕೊಟ್ಟು ಕರೆತರಲು ಯಾರಿಂದ ಆಗುತ್ತದೆ? ಡಯಾಬ್ಲೊ 4 ತಂಡ 2023ರ ಮೇ ತಿಂಗಳಲ್ಲಿ ನಡೆಸಿದ ಕೊನೆಯ ಪರೀಕ್ಷೆಗೆ 'ಸರ್ವರ್ ಸ್ಲ್ಯಾಮ್' ಅಂತಲೇ ಹೆಸರಿಟ್ಟಿತು. ಬನ್ನಿ, ನಮ್ಮ ಸರ್ವರ್ ಮೇಲೆ ಬೀಳಿ ಅಂತ ಬಾಯಿಬಿಟ್ಟು ಕರೆದ ಹಾಗೆ. ನನಗೆ ಆ ನೇರ ಮಾತು ಇಷ್ಟವಾಯಿತು.

ಎರಡನೆಯದು ನಮ್ಮ ಕಂಪ್ಯೂಟರ್ ಮತ್ತು ಫೋನುಗಳು. ಆಫೀಸಿನ ಲ್ಯಾಬ್‌ನಲ್ಲಿ ಎಷ್ಟು ಮಾಡೆಲ್ ಇಟ್ಟರೂ ಊರೂರಿನ ಜನರ ಕೈಯಲ್ಲಿ ಇರುವಷ್ಟು ಇರುವುದಿಲ್ಲ. ನಾಲ್ಕು ವರ್ಷ ಹಳೆಯ ಫೋನ್, ಬ್ಯಾಟರಿ ಉಬ್ಬಿದ ಫೋನ್, ಸ್ಟೋರೇಜ್ ತುಂಬಿ ತುಳುಕುವ ಫೋನ್ ಎಲ್ಲವೂ ಅಲ್ಲಿಗೆ ಸಿಗುವುದು ಬೀಟಾದಲ್ಲೇ.

ಮೂರನೆಯದು ಮೋಸಗಾರರು. ಬ್ಯಾಟಲ್‌ಫೀಲ್ಡ್ 6ರ ಓಪನ್ ಬೀಟಾ 2025ರ ಆಗಸ್ಟ್‌ನಲ್ಲಿ ನಡೆದಾಗ, ಮೊದಲ ಎರಡೇ ದಿನದಲ್ಲಿ 3,30,000ಕ್ಕೂ ಹೆಚ್ಚು ಚೀಟಿಂಗ್ ಪ್ರಯತ್ನಗಳನ್ನು ತಡೆದೆವು ಅಂತ ಕಂಪನಿ ಹೇಳಿತು. ಚೀಟ್ ಮಾಡುವವರು ಎಲ್ಲಿಂದ ನುಗ್ಗುತ್ತಾರೆ ಅನ್ನುವುದು ಬಾಗಿಲು ತೆರೆದ ಮೇಲೆಯೇ ಕಾಣುತ್ತದೆ.

ಹಾಗಾದರೆ ಇದು ಬರೀ ಜಾಹೀರಾತು ಅಲ್ವಾ?

ಒಂದಷ್ಟು ಮಟ್ಟಿಗೆ ಹೌದು. ಎಷ್ಟು ಮಟ್ಟಿಗೆ ಅಂತ ತಿಳಿಯಲು ನಾನು ನೋಡುವುದು ಒಂದೇ ಲೆಕ್ಕ. ಬೀಟಾ ಶುರುವಾಗುವ ದಿನಕ್ಕೂ ಬಿಡುಗಡೆಯ ದಿನಕ್ಕೂ ನಡುವೆ ಎಷ್ಟು ಕಾಲ ಇದೆ?

ಓವರ್‌ವಾಚ್ ಮೇ 24ಕ್ಕೆ ಬಿಡುಗಡೆಯಾಯಿತು. ಬೀಟಾ ಶುರುವಾದ 19ನೇ ದಿನಕ್ಕೆ. ಅಷ್ಟರಲ್ಲಿ ಸರ್ವರ್ ಗಟ್ಟಿ ಮಾಡಬಹುದು, ದೊಡ್ಡ ಬಗ್ (ಆಟದಲ್ಲಿರುವ ದೋಷ) ಒಂದೆರಡು ಸರಿಪಡಿಸಬಹುದು. ಆಟದ ರೂಪ ಬದಲಿಸಲು ಆಗುವುದಿಲ್ಲ. ಪಾತ್ ಆಫ್ ಎಕ್ಸೈಲ್‌ದು ಬೇರೆ ಕಥೆ. ಅದರ ಓಪನ್ ಬೀಟಾ 2013ರ ಜನವರಿ 23ಕ್ಕೆ ಶುರುವಾಗಿ, ಪೂರ್ತಿ ಬಿಡುಗಡೆ ಅಕ್ಟೋಬರ್ 23ಕ್ಕೆ ಆಯಿತು. ಸರಿಯಾಗಿ ಒಂಬತ್ತು ತಿಂಗಳು. ಅಲ್ಲಿ ಆಟಗಾರರ ಮಾತಿಗೆ ಕಿವಿಗೊಡಲು ಸಮಯ ಇತ್ತು.

ಬ್ಯಾಟಲ್‌ಫೀಲ್ಡ್ 2042 ನೆನಪಿದೆಯಾ? 2021ರ ಅಕ್ಟೋಬರ್ ಶುರುವಿನಲ್ಲಿ ಬೀಟಾ. ಜನ ತಪ್ಪುಗಳ ಪಟ್ಟಿಯನ್ನೇ ಕೊಟ್ಟರು. ಇದು ಕೆಲವು ತಿಂಗಳ ಹಿಂದಿನ ಬಿಲ್ಡ್ (ಆಟದ ಆವೃತ್ತಿ), ಆಮೇಲೆ ತುಂಬಾ ಸುಧಾರಿಸಿದೆ ಅಂತ ತಂಡ ಹೇಳಿತು. ನವೆಂಬರ್ 19ಕ್ಕೆ ಆಟ ಬಂತು. ತಂಡವಾಗಿ ಆಡುವ ಆ ಗೇಮ್‌ನಲ್ಲಿ ಮೊದಲ ದಿನ ವಾಯ್ಸ್ ಚಾಟ್ ಕೂಡ ಇರಲಿಲ್ಲ. ಹಾಗಾಗಿ "ಇದು ಹಳೇ ಬಿಲ್ಡ್" ಅನ್ನುವ ಮಾತು ಕೇಳಿದರೆ ನಾನು ತಕ್ಷಣ ಕ್ಯಾಲೆಂಡರ್ ನೋಡುತ್ತೇನೆ. ಬಿಡುಗಡೆಗೆ ಆರೇ ವಾರ ಇದ್ದರೆ, ಬೀಟಾದಲ್ಲಿ ಕಂಡದ್ದೇ ಹೆಚ್ಚುಕಮ್ಮಿ ನಿಮಗೆ ಸಿಗುವ ಆಟ.

ನನ್ನ ಲೆವೆಲ್, ಗನ್, ರ‍್ಯಾಂಕ್ ಎಲ್ಲ ಉಳಿಯುತ್ತಾ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಉತ್ತರ ಆಟದಿಂದ ಆಟಕ್ಕೆ ಬೇರೆ.

ಡಯಾಬ್ಲೊ 4ರ ಬೀಟಾದಲ್ಲಿ 25ನೇ ಲೆವೆಲ್‌ಗೆ ತಡೆ ಹಾಕಿದ್ದರು. ಆಮೇಲೆ ಎಲ್ಲರ ಪಾತ್ರಗಳನ್ನೂ ಅಳಿಸಿದರು. 20ನೇ ಲೆವೆಲ್ ಮುಟ್ಟಿದವರಿಗೆ ಬೆನ್ನಿಗೆ ಕಟ್ಟಿಕೊಳ್ಳುವ ಒಂದು ತೋಳದ ಮರಿ ಮಾತ್ರ ಉಳಿಯಿತು. ವ್ಯಾಲರೆಂಟ್‌ನ ಕ್ಲೋಸ್ಡ್ ಬೀಟಾ 2020ರ ಏಪ್ರಿಲ್‌ನಿಂದ ಮೇ 28ರವರೆಗೆ ನಡೆಯಿತು. ಜೂನ್ 2ಕ್ಕೆ ಆಟ ಬಿಡುಗಡೆಯಾದಾಗ ಎಲ್ಲರೂ ಸೊನ್ನೆಯಿಂದಲೇ ಶುರು ಮಾಡಿದರು. ಪಾತ್ ಆಫ್ ಎಕ್ಸೈಲ್ ಮಾತ್ರ, ಓಪನ್ ಬೀಟಾ ಶುರುವಾದ ಮೇಲೆ ಇನ್ನು ಏನನ್ನೂ ಅಳಿಸುವುದಿಲ್ಲ ಅಂತ ಮೊದಲೇ ಮಾತು ಕೊಟ್ಟು ಉಳಿಸಿಕೊಂಡಿತು. ನಮ್ಮಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) 2021ರ ಜೂನ್ 17ಕ್ಕೆ ಆಂಡ್ರಾಯ್ಡ್ ಟೆಸ್ಟರ್‌ಗಳಿಗೆ ಸಿಕ್ಕಿತು, ಜುಲೈ 2ಕ್ಕೆ ಎಲ್ಲರಿಗೂ ಬಂತು. ಆ ಹದಿನೈದು ದಿನದ ಆಟ ಹಾಗೇ ಮುಂದುವರಿಯಿತು.

ಹೀಗೆ ಅಳಿಸುವುದಕ್ಕೆ 'ವೈಪ್' ಅನ್ನುತ್ತಾರೆ. ಕೇಳಿದರೆ ಸಿಟ್ಟು ಬರುತ್ತದೆ, ಆದರೆ ಅದಕ್ಕೆ ಕಾರಣ ಇದೆ. ಬೀಟಾದಲ್ಲಿ ಒಂದೇ ಕತ್ತಿಯನ್ನು ಎರಡು ಮಾಡಿಕೊಳ್ಳುವ ಬಗ್ ಸಿಗುತ್ತದೆ. ಯಾರೋ ಒಬ್ಬ ರಾತ್ರಿಯೆಲ್ಲ ಕೂತು ಅದನ್ನು ಸಾವಿರ ಮಾಡಿಕೊಳ್ಳುತ್ತಾನೆ. ಬಿಡುಗಡೆಯ ದಿನ ಆ ಸಾವಿರ ಕತ್ತಿಗಳೂ ಮಾರುಕಟ್ಟೆಗೆ ಬಂದರೆ ಹೊಸದಾಗಿ ಸೇರುವವರ ಗತಿ ಏನು? ಹಾಗಾಗಿ ವೈಪ್ ತಪ್ಪಲ್ಲ. ವೈಪ್ ಇದೆ ಅಂತ ಮೊದಲೇ ಹೇಳದೇ ಇರುವುದು ತಪ್ಪು. ಸೇರುವ ಮುಂಚೆ ಆಟದ ಅಧಿಕೃತ ಪ್ರಕಟಣೆಯಲ್ಲಿ ಪ್ರೋಗ್ರೆಸ್ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕಿ. ಏನೂ ಬರೆದಿಲ್ಲ ಅಂದರೆ, ಅಳಿಸುತ್ತಾರೆ ಅಂತಲೇ ತಿಳಿದು ಆಡಿ.

ಬೀಟಾದಲ್ಲಿ ದುಡ್ಡು ಹಾಕಬಹುದಾ?

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಐಫೋನ್‌ನಲ್ಲಿ ಟೆಸ್ಟ್‌ಫ್ಲೈಟ್ (ಬಿಡುಗಡೆಗೆ ಮುಂಚಿನ ಆ್ಯಪ್‌ಗಳನ್ನು ಪರೀಕ್ಷಿಸಲು ಆ್ಯಪಲ್ ಕೊಡುವ ವ್ಯವಸ್ಥೆ) ಮೂಲಕ ಆಡುವಾಗ ಆಟದೊಳಗಿನ ಖರೀದಿಗೆ ನಿಜವಾದ ದುಡ್ಡು ಹೋಗುವುದಿಲ್ಲ. ಅದು ಪರೀಕ್ಷೆಯ ಖರೀದಿ. ಪ್ಲೇ ಸ್ಟೋರ್‌ನ ಓಪನ್ ಟೆಸ್ಟ್‌ನಲ್ಲಿ ಹಾಗಲ್ಲ. ನಮ್ಮಂಥ ಸಾಮಾನ್ಯ ಟೆಸ್ಟರ್‌ಗಳ ದುಡ್ಡು ನಿಜವಾಗಿಯೇ ಕಟ್ ಆಗುತ್ತದೆ. "ಬೀಟಾ ಅಲ್ವಾ, ಸುಮ್ನೆ ಒತ್ತಿ ನೋಡೋಣ" ಅಂತ ಯುಪಿಐ ಪಿನ್ ಹಾಕಿ ಪೆಚ್ಚಾದವರನ್ನು ನಾನು ನೋಡಿದ್ದೇನೆ.

ದುಡ್ಡು ತೆಗೆದುಕೊಂಡೂ ಸರಿಯಾಗಿ ನಡೆದುಕೊಂಡವರು ಇದ್ದಾರೆ. ವ್ಯಾಲರೆಂಟ್ ಬೀಟಾ ಮುಗಿದಾಗ ಸ್ಕಿನ್‌ಗಳು ಹೋದವು. ಆದರೆ ಖರ್ಚು ಮಾಡಿದ ಪಾಯಿಂಟ್‌ಗಳನ್ನು ಶೇ. 20 ಜಾಸ್ತಿ ಸೇರಿಸಿ ವಾಪಸ್ ಕೊಟ್ಟರು. ಹಾಗೆ ಮಾಡುತ್ತೇವೆ ಅಂತ ಮುಂಚೆಯೇ ಬರೆದು ಹೇಳಿದ್ದರು. ನಾವು ನೋಡಬೇಕಾದದ್ದು ಅದನ್ನೇ.

ನನ್ನ ಅಭಿಪ್ರಾಯ ಸ್ಪಷ್ಟ. ಅಂಗಡಿ ತೆರೆದ ದಿನವೇ ಆಟ ಬಿಡುಗಡೆಯಾಯಿತು. ಹಣೆಪಟ್ಟಿಯ ಮೇಲೆ ಏನು ಬೇಕಾದರೂ ಬರೆದುಕೊಳ್ಳಲಿ. ಗಿರಾಕಿಯಿಂದ ಪೂರ್ತಿ ಬೆಲೆ ತೆಗೆದುಕೊಂಡು, ಏನಾದರೂ ಕೆಟ್ಟರೆ "ಇದಿನ್ನೂ ಬೀಟಾ" ಅನ್ನುವುದು ನ್ಯಾಯವಲ್ಲ. ಫೋರ್ಟ್‌ನೈಟ್ 2017ರ ಜುಲೈನಿಂದ 2020ರ ಜೂನ್‌ವರೆಗೆ ಅರ್ಲಿ ಆಕ್ಸೆಸ್ (ಆಟ ಪೂರ್ತಿಯಾಗುವ ಮುಂಚೆಯೇ ಆಡಲು ಬಿಡುವುದು) ಅನ್ನುವ ಪಟ್ಟಿ ಹಚ್ಚಿಕೊಂಡೇ ಇತ್ತು. ಅಷ್ಟರಲ್ಲಿ ಅದರ ವಿಶ್ವಕಪ್ ಕೂಡ ನಡೆದುಹೋಗಿತ್ತು. ಆಟ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆ ಪದಕ್ಕೆ ಅರ್ಥ ಉಳಿದಿರಲಿಲ್ಲ ಅನ್ನುವುದು ನನ್ನ ತಕರಾರು. (ಗೇಮ್ ಅಲ್ಲದಿದ್ದರೂ ಜಿಮೇಲ್ ನೆನಪಾಗುತ್ತದೆ. 2004ರಿಂದ 2009ರವರೆಗೆ ಅದು ಬೀಟಾ ಆಗಿಯೇ ಇತ್ತು.)

ಇನ್ನೊಂದು ಮಾತು. ಗೆದ್ದರೆ ದುಡ್ಡು ಬರುತ್ತದೆ, ಬೀಟಾ ಸದಸ್ಯರಾಗಲು ಇಷ್ಟು ಠೇವಣಿ ಕಟ್ಟಿ ಅಂತ ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಬೀಟಾ ಅಂದ ಮಾತ್ರಕ್ಕೆ ಅದರಿಂದ ವಿನಾಯಿತಿ ಸಿಗುವುದಿಲ್ಲ.

ಅರ್ಲಿ ಆಕ್ಸೆಸ್ ಮತ್ತು ಓಪನ್ ಬೀಟಾ ಒಂದೇನಾ?

ಅಲ್ಲ. ಆದರೆ ಕಂಪನಿಗಳೇ ಎರಡನ್ನೂ ಕಲಸಿಬಿಟ್ಟಿವೆ.

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2013ರಿಂದ ಇರುವ ಅರ್ಲಿ ಆಕ್ಸೆಸ್‌ನಲ್ಲಿ ಸಾಮಾನ್ಯವಾಗಿ ನೀವು ದುಡ್ಡು ಕೊಟ್ಟು ಅರ್ಧ ಕಟ್ಟಿದ ಮನೆ ಕೊಳ್ಳುತ್ತೀರಿ. ಉಳಿದರ್ಧ ಎದ್ದರೆ ನಿಮ್ಮ ಪುಣ್ಯ. ಬಾಲ್ಡರ್ಸ್ ಗೇಟ್ 3ರ ಮೊದಲ ಅಂಕ 2020ರ ಅಕ್ಟೋಬರ್‌ನಲ್ಲಿ ಹೀಗೆ ಮಾರಾಟಕ್ಕೆ ಬಂತು. ಪೂರ್ತಿ ಆಟ 2023ರ ಆಗಸ್ಟ್‌ನಲ್ಲಿ ಬಂದು ಎಲ್ಲರ ಮನಸ್ಸು ಗೆದ್ದಿತು. ಡೇಜ಼ಿ 2013ರ ಡಿಸೆಂಬರ್‌ನಲ್ಲಿ ಶುರುವಾಗಿ 1.0 ಆಗಲು ಸರಿಯಾಗಿ ಐದು ವರ್ಷ ತೆಗೆದುಕೊಂಡಿತು. ಸ್ಟಾರ್ ಸಿಟಿಜನ್ 2012ರಿಂದ ಜನರಿಂದ 70 ಕೋಟಿ ಡಾಲರ್‌ಗೂ ಜಾಸ್ತಿ ಎತ್ತಿದೆ, ಇನ್ನೂ ಆಲ್ಫಾ ದಾಟಿಲ್ಲ.

ಓಪನ್ ಬೀಟಾ ಸಾಮಾನ್ಯವಾಗಿ ಪುಕ್ಕಟೆ, ಕೆಲವೇ ದಿನದ್ದು. ಗೊಂದಲ ಆಗುವುದು ಪ್ರಿ-ಆರ್ಡರ್ ಮಾಡಿದವರಿಗೆ "ಬೀಟಾಗೆ ಅರ್ಲಿ ಆಕ್ಸೆಸ್" ಕೊಟ್ಟಾಗ. ಡಯಾಬ್ಲೊ 4ರಲ್ಲಿ ಹಾಗೇ ಆಯಿತು. ದುಡ್ಡು ಕಟ್ಟಿದವರಿಗೆ ಒಂದು ವಾರ ಮುಂಚೆ, ಉಳಿದವರಿಗೆ ಮುಂದಿನ ವಾರ. ಒಂದು ವಾರ ಕಾಯಲಾರದೆ ಸಾವಿರಾರು ರೂಪಾಯಿ ಕಟ್ಟಬೇಡಿ. ಮುಂದಿನ ವಾರ ಅದೇ ಆಟ ಪುಕ್ಕಟೆ ಸಿಗುತ್ತದೆ.

ಫೋನ್‌ನಲ್ಲಿ ಸೇರುವುದು ಹೇಗೆ? "ಬೀಟಾ ಭರ್ತಿಯಾಗಿದೆ" ಅಂತ ಬರುತ್ತಿದೆಯಲ್ಲ?

ಓಪನ್ ಅಂದರೂ ಜಾಗಕ್ಕೆ ಮಿತಿ ಇಡಬಹುದು. ಪ್ಲೇ ಸ್ಟೋರ್‌ನಲ್ಲಿ ಡೆವಲಪರ್ ಇಷ್ಟೇ ಜನ ಅಂತ ಗುರುತು ಹಾಕಿದ್ದರೆ, ಅಷ್ಟು ತುಂಬಿದ ಮೇಲೆ ಬಾಗಿಲು ಮುಚ್ಚುತ್ತದೆ. ಬಿಜಿಎಂಐ ಬಂದಾಗ ಜನ ನಿಮಿಷಕ್ಕೊಮ್ಮೆ ಆ ಪುಟ ತೆರೆದು ನೋಡುತ್ತಿದ್ದರು. ಜಾಗ ಖಾಲಿಯಾದಾಗ ಮತ್ತೆ ತೆರೆಯುತ್ತದೆ, ಪ್ರಯತ್ನಿಸುತ್ತಿರಿ. ಐಫೋನ್‌ನ ಟೆಸ್ಟ್‌ಫ್ಲೈಟ್‌ನಲ್ಲಿ ಹೊರಗಿನ ಟೆಸ್ಟರ್‌ಗಳ ಮಿತಿ 10,000. ಅಲ್ಲಿ ಒಂದು ಬಿಲ್ಡ್ 90 ದಿನ ಮಾತ್ರ ನಡೆಯುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಲಿಂಕ್ ಬಂದಿದೆ, ಹಾಕಿಕೊಳ್ಳಲಾ?

ಬೇಡ. ಗೆಳೆಯನೇ ಕಳಿಸಿದ್ದರೂ ಬೇಡ. ಎಪಿಕೆ ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಹಾಕಿಕೊಳ್ಳಬಹುದಾದ ಆಂಡ್ರಾಯ್ಡ್ ಆ್ಯಪ್ ಫೈಲ್. ಬೀಟಾದ ಆತುರವೇ ಕಳ್ಳರಿಗೆ ಬಂಡವಾಳ. ಆಟದ ಹೆಸರಿನ ಎಪಿಕೆ ನಿಮ್ಮ ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ, ಅದಕ್ಕೆ ಬೇಕಿರುವುದು ಬ್ಯಾಂಕಿನ ಓಟಿಪಿ. ಈಗಾಗಲೇ ಹಾಕಿಕೊಂಡು ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು.

ಕಂಪ್ಯೂಟರ್‌ನಲ್ಲಿ ಆಡುವವರು ಏನು ತಯಾರಿ ಮಾಡಿಕೊಳ್ಳಬೇಕು?

ಡೌನ್‌ಲೋಡ್ ಒಂದೆರಡು ದಿನ ಮುಂಚೆ ತೆರೆಯುತ್ತದೆ, ಆಗಲೇ ಇಳಿಸಿಕೊಳ್ಳಿ. ಬ್ಯಾಟಲ್‌ಫೀಲ್ಡ್ 6 ಆಡಲು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಿನ ಸುರಕ್ಷತಾ ತಪಾಸಣೆ) ಆನ್ ಇರಬೇಕಿತ್ತು. ಎಷ್ಟೋ ಜನ ಬೀಟಾದ ಮೊದಲ ಸಂಜೆಯನ್ನು ಅದನ್ನು ಆನ್ ಮಾಡುವ ಬಯಾಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ) ಸೆಟ್ಟಿಂಗ್ ಹುಡುಕುವುದರಲ್ಲೇ ಕಳೆದರು. ಇಂಥ ಷರತ್ತುಗಳನ್ನು ಮುಂಚೆಯೇ ಓದಿಕೊಳ್ಳಿ.

ಸಮಯವನ್ನೂ ನಮ್ಮ ಗಡಿಯಾರಕ್ಕೆ ಹೊಂದಿಸಿಕೊಳ್ಳಿ. ಡಯಾಬ್ಲೊ 4ರ ಓಪನ್ ಬೀಟಾ ಅಮೆರಿಕದ ಪಶ್ಚಿಮ ಕರಾವಳಿಯ ಲೆಕ್ಕದಲ್ಲಿ 2023ರ ಮಾರ್ಚ್ 24ರ ಬೆಳಿಗ್ಗೆ 9ಕ್ಕೆ ಶುರುವಾಯಿತು. ನಮಗೆ ಅದು ರಾತ್ರಿ 9.30. ಬೆಳಿಗ್ಗೆಯಿಂದ ಕಾದು ಕೂತು "ಸರ್ವರ್ ಸತ್ತಿದೆ" ಅಂತ ಬೈದ ಹುಡುಗರು ನಮ್ಮ ಗುಂಪಿನಲ್ಲೇ ಇದ್ದರು.

ತುಂಬಾ ಲ್ಯಾಗ್, ಗಂಟೆಗಟ್ಟಲೆ ಕ್ಯೂ. ಇದು ಸರೀನಾ?

ಬೀಟಾದಲ್ಲಿ ಸರಿ. ಆ ಪರೀಕ್ಷೆ ಇರುವುದೇ ಅದಕ್ಕೆ. ಆದರೆ ಮ್ಯಾಚ್ ಯಾವ ಊರಿನ ಸರ್ವರ್‌ನಲ್ಲಿ ನಡೆಯುತ್ತಿದೆ ಅಂತ ಒಮ್ಮೆ ನೋಡಿ. ಕೆಲವು ಬೀಟಾಗಳಲ್ಲಿ ಮುಂಬೈ ಸರ್ವರ್ ಇರುವುದಿಲ್ಲ, ಸಿಂಗಪುರಕ್ಕೋ ಯೂರೋಪಿಗೋ ಹೋಗುತ್ತದೆ. ಆಗ ತಪ್ಪು ನಿಮ್ಮ ನೆಟ್‌ನದ್ದಲ್ಲ.

ಬಗ್ ಸಿಕ್ಕಿದೆ. ಹೇಗೆ ಹೇಳಬೇಕು?

"ಗೇಮ್ ಹ್ಯಾಂಗ್ ಆಗ್ತಿದೆ, ಸರಿ ಮಾಡಿ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗ್ಯಾರೇಜಿಗೆ ಹೋಗಿ "ಬೈಕ್ ಸರಿ ಇಲ್ಲ" ಅಂದ ಹಾಗೆ. ಯಾವ ಗೇರ್‌ನಲ್ಲಿ, ಎಷ್ಟು ವೇಗದಲ್ಲಿ, ಎಂಥ ಶಬ್ದ ಅಂತ ಹೇಳಬೇಕಲ್ಲ?

ನಾನು ಒಮ್ಮೆ ಕಳಿಸಿದ್ದು ಹೀಗಿತ್ತು: "ಫೋನ್ ಮಾಡೆಲ್ ಇದು, 4 ಜಿಬಿ ರ‍್ಯಾಮ್, ಆಂಡ್ರಾಯ್ಡ್ 11. ಮ್ಯಾಚ್ ನಡೆಯುವಾಗ ಕರೆಂಟ್ ಹೋಗಿ ವೈಫೈ ನಿಂತಿತು. ಫೋನ್ ತಾನಾಗಿ ಮೊಬೈಲ್ ಡೇಟಾಗೆ ಬದಲಾಯಿತು. ಆಟ 'ಮತ್ತೆ ಸೇರಲಾಗುತ್ತಿದೆ' ಅಂತ ತೋರಿಸಿ ಅಲ್ಲೇ ನಿಂತುಬಿಟ್ಟಿತು. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹೀಗೇ." ಜೊತೆಗೆ ಹನ್ನೆರಡು ಸೆಕೆಂಡಿನ ವಿಡಿಯೊ. ಅದರಲ್ಲಿ ಫ್ಯಾನ್ ನಿಲ್ಲುವ ಸದ್ದೂ ಕೇಳುತ್ತಿತ್ತು. ಎರಡು ವಾರದ ಮೇಲೆ ಬಂದ ಅಪ್‌ಡೇಟ್‌ನಲ್ಲಿ ಆ ತೊಂದರೆ ಇರಲಿಲ್ಲ. ಕರೆಂಟ್ ಹೋಗದ ಊರಿನಲ್ಲಿ ಕೂತು ಆಟ ಮಾಡುವವರಿಗೆ ಇದು ಹೊಳೆಯುವುದೇ ಕಷ್ಟ. ನಮ್ಮಂಥವರು ಹೇಳಬೇಕು.

ಇಷ್ಟು ಇದ್ದರೆ ಸಾಕು: ಯಾವ ಸಾಧನ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಮತ್ತೆ ಮಾಡಿದರೂ ಆಗುತ್ತದಾ. ಪ್ಲೇ ಸ್ಟೋರ್ ಬೀಟಾದಲ್ಲಿ ನೀವು ಬರೆಯುವ ಅಭಿಪ್ರಾಯ ಡೆವಲಪರ್‌ಗೆ ಮಾತ್ರ ಕಾಣುತ್ತದೆ, ಬೇರೆಯವರಿಗೆ ಅಲ್ಲ. ಸ್ಟಾರ್ ಕಡಿಮೆ ಆಗುತ್ತದೆ ಅಂತ ಸಂಕೋಚ ಬೇಡ. ಮತ್ತೆ, ಲಾಭ ಆಗುವ ಬಗ್ ಸಿಕ್ಕರೆ ಅದನ್ನೂ ಹೇಳಿ. ಮುಚ್ಚಿಟ್ಟು ಆಡಿದರೆ ಅಕೌಂಟ್ ಬ್ಯಾನ್ ಆಗಬಹುದು.

ನಮ್ಮ ಭಾಷೆಯ ಬಗ್ಗೆ ಹೇಳಿದರೆ ಯಾರಾದರೂ ಕೇಳುತ್ತಾರಾ?

ಹೇಳಿ ನೋಡಿ. ಒಂದು ಬೀಟಾದ ಚಾಟ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳು ಒಡೆದುಹೋಗುತ್ತಿದ್ದವು. 'ಅಣ್ಣ' ಅಂದರೆ 'ಅಣ್' ಒಂದು ಕಡೆ, 'ಣ' ಇನ್ನೊಂದು ಕಡೆ. 'ಕ್ಷ' ಬಂದರೆ ಬರೀ ಚೌಕದ ಡಬ್ಬಿ. ನಾವು ಏಳೆಂಟು ಜನ ಒಂದೇ ದಿನ ಸ್ಕ್ರೀನ್‌ಶಾಟ್ ಕಳಿಸಿದೆವು. ಪಕ್ಕದಲ್ಲೇ ಸರಿಯಾದ ಅಕ್ಷರ ಹೇಗಿರಬೇಕು ಅಂತ ಬರೆದು ತೋರಿಸಿದೆವು. ಬಿಡುಗಡೆಯ ಹೊತ್ತಿಗೆ ಅಕ್ಷರ ಕೂಡಿಕೊಂಡಿತ್ತು. ನಮ್ಮ ಅಕ್ಷರ ಸರಿಯಾಗಿ ಕಂಡ ಆ ಸಂಜೆ ಚಾಟ್ ತುಂಬ ಬರೀ ಕನ್ನಡವೇ. ಹೇಳದೇ ಬಿಟ್ಟಿದ್ದರೆ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡು ಇರುತ್ತಿದ್ದೆವು.

ವಿಡಿಯೊ ಮಾಡಿ ಹಾಕಬಹುದಾ?

ಓಪನ್ ಬೀಟಾದಲ್ಲಿ ಬಹುತೇಕ ಹೌದು. ಕ್ಲೋಸ್ಡ್ ಬೀಟಾದಲ್ಲಿ ಸೇರುವಾಗ ಗುಟ್ಟು ಕಾಯುವ ಕರಾರಿಗೆ ಒಪ್ಪಿಗೆ ಕೊಟ್ಟಿರುತ್ತೀರಿ, ಅದನ್ನು ಮೊದಲು ಓದಿ. ವ್ಯಾಲರೆಂಟ್ ಇದನ್ನು ತಲೆಕೆಳಗು ಮಾಡಿತ್ತು. ಬೇರೆಯವರು ಆಡುವುದನ್ನು ಲೈವ್ ವಿಡಿಯೊ ತಾಣ ಟ್ವಿಚ್‌ನಲ್ಲಿ ನೋಡಿದವರಿಗೇ ಬೀಟಾ ಸಿಗುವ ಅವಕಾಶ ಇತ್ತು.

ಬೀಟಾ ಚೆನ್ನಾಗಿತ್ತು. ಆಟ ಕೊಳ್ಳಲಾ?

ಬಿಡುಗಡೆಯಾಗಿ ಎರಡು ದಿನ ಕಾಯಿರಿ. ಬೀಟಾದಲ್ಲಿ ಆಟದ ಒಳ್ಳೆಯ ತುಂಡನ್ನೇ ಕೊಟ್ಟಿರುತ್ತಾರೆ. ಆತುರ ಇದ್ದರೆ ಸ್ಟೀಮ್‌ನಲ್ಲಿ ಕೊಳ್ಳಿ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು.

ಬೀಟಾ ಮುಗಿಯಿತು. ಈಗ ಏನು ಮಾಡಲಿ?

ಪ್ಲೇ ಸ್ಟೋರ್‌ನಲ್ಲಿ ಆ ಆಟದ ಪುಟಕ್ಕೆ ಹೋಗಿ ಬೀಟಾದಿಂದ ಹೊರಬನ್ನಿ. ಆಮೇಲೆ ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಪರೀಕ್ಷೆಯ ಅಪ್‌ಡೇಟ್‌ಗಳೂ ನಿಮ್ಮ ಫೋನಿಗೇ ಬರುತ್ತವೆ. ಆಟ ಗೆಸ್ಟ್ ಅಕೌಂಟ್‌ನಲ್ಲಿ ಇದ್ದರೆ, ಅನ್‌ಇನ್‌ಸ್ಟಾಲ್ ಮಾಡುವ ಮುಂಚೆ ಇಮೇಲ್‌ಗೆ ಜೋಡಿಸಿ. ಪ್ರೋಗ್ರೆಸ್ ಉಳಿಸುತ್ತೇವೆ ಅಂತ ಕಂಪನಿ ಹೇಳಿದ್ದರೂ, ಗೆಸ್ಟ್ ಅಕೌಂಟ್ ಅಳಿಸಿ ಎಲ್ಲವನ್ನೂ ಕಳೆದುಕೊಂಡವರು ಪ್ರತಿ ಸಲವೂ ಸಿಗುತ್ತಾರೆ.